ಓದಿ ಹೇಳುವವರಿಗೂ ತಿಳಿದಿರಲಿ

ಹೋದ ವರ್ಷ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಮಾಡು ರಿಪೇರಿಗೆ ಬಂತು. ಅಟ್ಟ ಖಾಲಿ ಮಾಡುವಾಗ ಗಾಜು ಒಡೆದ ಕಂದೀಲು, ತಳ ಹೋದ ಹಂಡೆ, ಯಾವುದೋ ಮದುವೆಗೆ ಮಾಡಿಸಿದ ಮಣೆಗಳ ಜೊತೆ ಒಂದು ತಂತಿಯೂ ಕೆಳಗಿಳಿಯಿತು. ತಂತಿ ಅಂದರೆ ಕಾಗದದ ತಂತಿ. ಈಗಿನವರಿಗೆ ಬಿಡಿಸಿ ಹೇಳಬೇಕು. ಕೆಳಗೊಂದು ಮರದ ಬಿಲ್ಲೆ, ಅದರಿಂದ ಮೇಲಕ್ಕೆದ್ದ ಉದ್ದ ತಂತಿ, ತುದಿ ಕೊಕ್ಕೆಯ ಹಾಗೆ ಬಗ್ಗಿ ಚೂಪಾಗಿರುತ್ತದೆ. ಬಂದ ಕಾಗದ ಓದಿಯಾದ ಮೇಲೆ ಅದಕ್ಕೆ ಚುಚ್ಚುವುದು, ತಂತಿಯನ್ನು ಗೋಡೆಯ ಮೊಳೆಗೆ ನೇತುಹಾಕುವುದು. ದಿನಸಿ ಅಂಗಡಿಯಲ್ಲಿ ಚೀಟಿ ಚುಚ್ಚಿಡುತ್ತಿದ್ದರಲ್ಲ, ಅದೇ.

ದೊಡ್ಡಪ್ಪನ ಮಗ ಫೋನ್ ಮಾಡಿ, "ಬಚ್ಚಲ ಒಲೆಗೆ ಹಾಕಲೋ, ನಿಂಗೆ ಬೇಕೋ?" ಅಂದ. ಬೇಕು ಅಂದೆ. ನಾನು ಬೇಕು ಅಂದದ್ದು ಗೊತ್ತಾದ ಕೂಡಲೇ ನಮ್ಮ ಅಕ್ಕನಿಗೂ ಬೇಕಾಯಿತು. ಅಲ್ಲಿಯವರೆಗೆ ಅವಳಿಗೆ ಆ ಮನೆಗೆ ಅಟ್ಟ ಇದೆ ಅನ್ನೋದೇ ನೆನಪಿರಲಿಲ್ಲ.

ತಂತಿಯಲ್ಲಿದ್ದದ್ದೆಲ್ಲ ಅಜ್ಜಿಗೆ ಬಂದ ಕಾಗದಗಳು. ನಮ್ಮಪ್ಪ ಭದ್ರಾವತಿಯಿಂದ ಬರೆದದ್ದು, ಚಿಕ್ಕಪ್ಪ ಬೊಂಬಾಯಿಯಿಂದ ಬರೆದದ್ದು, ಮದುವೆಯಾದ ಮೇಲೆ ಅತ್ತೆ ಹಾಸನದಿಂದ ಬರೆದದ್ದು. 1958ರಿಂದ 1983ರವರೆಗೆ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರು, ಚಿಕ್ಕಪ್ಪ ಮಾಟುಂಗಾದಲ್ಲಿ ರೂಮು ಮಾಡಿಕೊಂಡ ಬ್ಯಾಂಕಿನವರು. ದೊಡ್ಡಪ್ಪ ಊರಲ್ಲೇ ಉಳಿದು ಅಡಿಕೆ ತೋಟ ನೋಡಿಕೊಂಡರು. ಅಜ್ಜಿ ಕಡೆಯಿಂದ ಹೋದ ಉತ್ತರಗಳು ನಮ್ಮಪ್ಪನ ಬಿಸ್ಕತ್ತು ಡಬ್ಬಿಯಲ್ಲಿ ಮೊದಲಿಂದಲೂ ಇದ್ದವು. ಅಪ್ಪ ತೀರಿಕೊಂಡ ಮೇಲೆ ಆ ಡಬ್ಬಿ ನನ್ನ ಹತ್ತಿರ ಬಂದಿತ್ತು, ಆದರೆ ಒಂದೇ ಕಡೆಯ ಮಾತು ಓದಿ ಏನು ಮಾಡೋದು ಅಂತ ಹಾಗೇ ಇಟ್ಟಿದ್ದೆ. ಈಗ ತಂತಿಯೂ ಸಿಕ್ಕಿತು. ಊಟದ ಮೇಜಿನ ಮೇಲೆ ತಾರೀಕಿನ ಪ್ರಕಾರ ಎರಡನ್ನೂ ಪಕ್ಕಪಕ್ಕ ಹರಡಿಕೊಂಡು ಕೂತೆ. ಮೂರು ದಿನ ಮನೆಯವರೆಲ್ಲ ತಟ್ಟೆ ಮಡಿಲಲ್ಲಿಟ್ಟುಕೊಂಡು ಉಂಡರು.

ಮೊದಲಿಗೆ ಏನೂ ಸಿಗೋದಿಲ್ಲ. ಎಲ್ಲ ಕಾಗದವೂ "ಕ್ಷೇಮ" ಅಂತಲೇ ಶುರು. ಈ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು. ಇಷ್ಟು ಹೇಳಿ ಮರುಸಾಲಿನಲ್ಲೇ ಮಗುವಿಗೆ ನಾಯಿಕೆಮ್ಮು, ಇವಳಿಗೆ ಸೊಂಟ ನೋವು, ನನಗೆ ಎಂಟು ದಿನದಿಂದ ಜ್ವರ. ಸಾವಿನ ಸುದ್ದಿ ಬಿಟ್ಟರೆ ಮಿಕ್ಕಿದ್ದೆಲ್ಲ ಆ ಕಾಲಕ್ಕೆ ಕ್ಷೇಮದ ಲೆಕ್ಕಕ್ಕೇ ಬರುತ್ತಿತ್ತು ಅಂತ ಕಾಣುತ್ತದೆ. ಅದರ ಮೇಲೆ ತಂತಿಯ ತೂತು ಬೇರೆ. ನೂರಾರು ಕಾಗದಕ್ಕೂ ನಡುಮಧ್ಯೆ ಒಂದೊಂದು ತೂತು, ಮತ್ತು ಅದು ಬಿದ್ದಿರುವುದು ಬೇಕೂಂತಲೇ ಮುಖ್ಯವಾದ ಜಾಗದಲ್ಲಿ. "ಅಡಿಕೆ ಮಾರಿದ್ದರಲ್ಲಿ ಅಣ್ಣ ನನಗೆ ಕಳಿಸಿದ್ದು" ಆಮೇಲೆ ತೂತು, ಆಮೇಲೆ "ರೂಪಾಯಿ ಮಾತ್ರ."

ಆ "ಮಾತ್ರ" ಅನ್ನೋ ಮಾತಿನಲ್ಲೇ ನನಗೆ ಮೊದಲ ಸುಳಿವು ಸಿಕ್ಕಿದ್ದು.

ಆಮೇಲೆ ಕಣ್ಣು ಪಳಗಿತು. ಕಾರ್ಡಿನಲ್ಲಿ ಜಗಳ ಇರೋದಿಲ್ಲ. ಕಾರ್ಡನ್ನು ಪೋಸ್ಟ್‌ಮ್ಯಾನ್ ಓದುತ್ತಾನೆ, ಅಂಚೆ ಇಳಿಸಿಕೊಳ್ಳುವ ಅಂಗಡಿಯವನು ಓದುತ್ತಾನೆ, ಅಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತವರೆಲ್ಲ ಓದುತ್ತಾರೆ. ಹಾಗಾಗಿ ಮಳೆ, ಬೆಳೆ, ಕೊಳೆರೋಗ ಎಲ್ಲ ಕಾರ್ಡಿಗೆ, ಜಗಳ ಮಾತ್ರ ಮಡಿಸಿ ಅಂಟಿಸಿ ಕಳಿಸುವ ಇನ್‌ಲ್ಯಾಂಡಿಗೆ. ನಮ್ಮ ದೇಶಕ್ಕೆ ಇನ್‌ಲ್ಯಾಂಡ್ ಬಂದದ್ದು 1950ರಲ್ಲಿ. ಅದಕ್ಕೆ ಮೊದಲು ಅಣ್ಣತಮ್ಮಂದಿರು ಕಡಿಮೆ ಖರ್ಚಿನಲ್ಲಿ ಗುಟ್ಟಾಗಿ ಹೇಗೆ ಜಗಳವಾಡುತ್ತಿದ್ದರೋ! ಅದರಲ್ಲೂ ಜಗಳ ಮೊದಲ ಪುಟದಲ್ಲಿ ಸಿಗೋದಿಲ್ಲ. ಮೊದಲ ಪುಟ ಕ್ಷೇಮಕ್ಕೆ, ಎರಡನೆಯದು ಹೆಂಡತಿ ಮಕ್ಕಳಿಗೆ, ಕೊನೆಯ ಚಿಕ್ಕ ಮಡಿಕೆ ಇರುತ್ತದಲ್ಲ, ಅಂಟು ಹಚ್ಚುವುದಕ್ಕಿಂತ ಸ್ವಲ್ಪ ಮೇಲೆ, ಅಲ್ಲಿ. ಅಲ್ಲೂ ಜಾಗ ಸಾಲದೆ ಕಾಗದವನ್ನು ಅಡ್ಡ ತಿರುಗಿಸಿ ಮಗ್ಗುಲಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದರೆ, ಆ ಕಾಗದ ಬರೆದದ್ದೇ ಆ ಸಾಲಿಗೋಸ್ಕರ ಅಂತ ತಿಳಿಯಬೇಕು.

ಇನ್ನೊಂದು ಗುರುತು ನಮಸ್ಕಾರ. ಎಲ್ಲ ಸರಿಯಿದ್ದಾಗ ಅಪ್ಪ "ಅಣ್ಣನಿಗೆ ನಮಸ್ಕಾರ" ಅಂತ ಅರ್ಧ ಸಾಲಿನಲ್ಲಿ ಮುಗಿಸುತ್ತಾರೆ. ಕೋಪ ಬಂದಿದ್ದರೆ "ತೀರ್ಥರೂಪ ಸಮಾನರಾದ ಅಣ್ಣನವರ ಪಾದಗಳಿಗೆ ಅನಂತ ಸಾಷ್ಟಾಂಗ ನಮಸ್ಕಾರಗಳು." ಅಡ್ಡಬಿದ್ದಷ್ಟೂ ಅನಾಹುತ ದೊಡ್ಡದು.

ಜಗಳವಾದರೂ ಯಾವುದಕ್ಕೆ? ಅಪ್ಪೆಮಿಡಿಗೆ. ಒಂದು ವರ್ಷ ಬೊಂಬಾಯಿಗೆ ಹೋಗುವವರ ಕೈಲಿ ಎರಡು ಭರಣಿ ಮಿಡಿ ಉಪ್ಪಿನಕಾಯಿ ಹೋಯಿತು. ಭದ್ರಾವತಿಗೆ ಬರಲಿಲ್ಲ. ಅಪ್ಪನ ಕಾಗದದ ಮಗ್ಗುಲಲ್ಲಿ ಹೀಗಿದೆ: "ಭದ್ರಾವತಿಯು ಬೊಂಬಾಯಿಗಿಂತ ದೂರವಾಯಿತೆಂದು ತಿಳಿದು ಆಶ್ಚರ್ಯವಾಯಿತು." ನಮ್ಮೂರಿಂದ ಭದ್ರಾವತಿ 80 ಕಿಲೋಮೀಟರ್ ಆಸುಪಾಸು, ಅಷ್ಟೇ. ಡಬ್ಬಿಯಲ್ಲಿ ಇದಕ್ಕೆ ಉತ್ತರವೂ ಸಿಕ್ಕಿತು. "ದೂರ ಇರುವವನು ಬರಲಾರ, ಅದಕ್ಕೆ ಕಳಿಸಿದ್ದು. ಹತ್ತಿರ ಇರುವವನು ಬಂದು ಉಂಡು ಹೋಗಬಹುದು, ಅವನಿಗೆ ರಜೆ ಸಿಗುವುದಿಲ್ಲ ಎಂದು ಅಮ್ಮ ಹೇಳುತ್ತಾಳೆ." ಪಕ್ಕದಲ್ಲಿ ಕಂಸ ಹಾಕಿ, "ಇದು ಅಮ್ಮನ ಮಾತು, ನನ್ನದಲ್ಲ."

ಈ ಕಂಸ ನೋಡಿ ನಾನು ಕೂತಲ್ಲಿಂದ ಎದ್ದೆ. ಯಾಕೆಂದರೆ ಆ ಅಕ್ಷರ ದೊಡ್ಡಪ್ಪನದು.

ಇಷ್ಟು ಹೊತ್ತು ನನಗೆ ಹೊಳೆದೇ ಇರಲಿಲ್ಲ ನೋಡಿ. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಬಂದ ಕಾಗದವನ್ನು ಯಾರಾದರೂ ಓದಿ ಹೇಳಬೇಕು, ಉತ್ತರವನ್ನು ಅಜ್ಜಿ ಹೇಳಿದ ಹಾಗೆ ಯಾರಾದರೂ ಬರೆಯಬೇಕು. 1966ರವರೆಗೆ ಆ ಕೆಲಸ ಅತ್ತೆಯದು. ಅವರ ಗುಂಡಗಿನ ಅಕ್ಷರ ಡಬ್ಬಿಯ ಹಳೇ ಕಾಗದಗಳಲ್ಲಿದೆ. ಆಗ ಅಪ್ಪ ಧೈರ್ಯವಾಗಿ ಬರೆಯುತ್ತಿದ್ದರು: "ಅಣ್ಣನ ಹತ್ತಿರ ಈ ಸಲದ ಅಡಿಕೆ ಲೆಕ್ಕ ಕೇಳಿ ಇಟ್ಟುಕೊಂಡಿರು." "ಅಣ್ಣ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡ." 1966ರಲ್ಲಿ ಅತ್ತೆ ಮದುವೆಯಾಗಿ ಹಾಸನಕ್ಕೆ ಹೋದರು. ಮನೆಯಲ್ಲಿ ಓದು ಬಲ್ಲವರು ಅಂತ ಉಳಿದದ್ದು ದೊಡ್ಡಪ್ಪ ಒಬ್ಬರೇ. ಅಂದರೆ ದೊಡ್ಡಪ್ಪನ ಮೇಲಿನ ದೂರನ್ನು ದೊಡ್ಡಪ್ಪನೇ ಅಜ್ಜಿಗೆ ಗಟ್ಟಿಯಾಗಿ ಓದಬೇಕು, ಅಜ್ಜಿ ಅದಕ್ಕೆ ಕೊಡುವ ಉತ್ತರವನ್ನೂ ದೊಡ್ಡಪ್ಪನೇ ಬರೆಯಬೇಕು. ಸ್ಟ್ಯಾಂಪಿನ ಖರ್ಚೂ ಅವರದೇ.

ಅಪ್ಪನಿಗೆ ಇದು ತಕ್ಷಣ ತಿಳಿದಿದೆ. ಅತ್ತೆಯ ಮದುವೆಯ ನಂತರದ ನಾಲ್ಕೈದು ಕಾಗದ ಸಪ್ಪೆ. ಬರೀ ಹವಾಮಾನ. ಎಷ್ಟು ದಿನ ತಡೆದುಕೊಂಡಾರು ಪಾಪ! ಆರನೆಯದರಲ್ಲಿ ಒಂದು ಹೊಸ ದಾರಿ ಕಂಡುಕೊಂಡರು. ಹೇಳಬೇಕಾದ್ದನ್ನೆಲ್ಲ ಅಜ್ಜಿಗೆ ಹೇಳಿದ ಹಾಗೆ ಹೇಳಿ, ಕೊನೆಗೆ "ಇದು ಓದಿ ಹೇಳುವವರಿಗೂ ತಿಳಿದಿರಲಿ" ಅಂತ ಸೇರಿಸುವುದು. ಆಮೇಲೆ ಹದಿನೇಳು ವರ್ಷ ಅದೇ ಮಾತು. "ಬೇಲಿ ಪಕ್ಕದ ಹಲಸಿನ ಮರ ಅಪ್ಪಯ್ಯ ನನ್ನ ಹೆಸರು ಹೇಳಿ ನೆಟ್ಟದ್ದು, ಅದನ್ನು ಕಡಿಯುವ ಮಾತು ಬಂದರೆ ನನ್ನನ್ನು ಕೇಳಬೇಕು. ಓದಿ ಹೇಳುವವರಿಗೂ ತಿಳಿದಿರಲಿ." ಉತ್ತರ: "ಹಲಸಿನ ಮರದ ಕೆಳಗಿನ ಕಸ ಗುಡಿಸಲು ಅದರ ಯಜಮಾನರು ಯಾವಾಗ ಬರುತ್ತಾರೆ ಎಂದು ಅಮ್ಮ ಕೇಳುತ್ತಾಳೆ." ಅಜ್ಜಿ ನಿಜವಾಗಲೂ ಕೇಳಿದ್ದಳೋ ಇಲ್ಲವೋ, ದೇವರಿಗೇ ಗೊತ್ತು. ಈ ಸಲ ಕಂಸ ಇಲ್ಲ.

ಚಿಕ್ಕಪ್ಪ ಜಾಣರು. ಯಾರು ಓದುತ್ತಾರೆ ಅನ್ನೋದನ್ನು ತಲೆಯಲ್ಲಿಟ್ಟುಕೊಂಡೇ ಬರೆದವರು. "ಮಳೆಗಾಲದಲ್ಲಿ ಕೊಟ್ಟೆ ಕಟ್ಟಿಸಿ, ಔಷಧಿ ಹೊಡೆಸಿ ಅಣ್ಣ ಎಷ್ಟು ಕಷ್ಟಪಡುತ್ತಾನೆ, ನಾವು ಫ್ಯಾನಿನ ಕೆಳಗೆ ಕೂತು ತಿನ್ನುತ್ತೇವೆ" ಅಂತ ಒಂದು ಸಾಲು ಹಾಕಿದರೆ ಸಾಕು, ಮುಂದಿನ ಬೇಸಿಗೆಗೆ ಎರಡು ಭರಣಿ. ಮಿಡಿಯ ಗುಟ್ಟು ಇಷ್ಟೇ. ಇದು ನಮ್ಮಪ್ಪನಿಗೆ ಕೊನೆಯವರೆಗೂ ಹೊಳೆಯಲಿಲ್ಲ, ಅಥವಾ ಹೊಳೆದರೂ ಕೈ ಬರಲಿಲ್ಲ.

ಚಿಕ್ಕಪ್ಪನಿಗೆ ಇದ್ದ ಒಂದೇ ಚಟ ಅಂದರೆ ಎಲ್ಲರಿಗಿಂತ ಮೊದಲೇ ಹೊಸದನ್ನು ಮಾಡಿ ತೋರಿಸುವುದು. 1972ರ ಆಗಸ್ಟ್ 15ಕ್ಕೆ ಪಿನ್ ಕೋಡ್ ಬಂತಲ್ಲ, ಆ ತಿಂಗಳಿಂದಲೇ ಅವರ ವಿಳಾಸ ಮಾಟುಂಗಾ 400019. ಅಪ್ಪನಿಗೂ ಬರೆದು, ನಿಮ್ಮ ಊರಿನದೂ ತಿಳಿದುಕೊಂಡು ಬರೆಯತಕ್ಕದ್ದು ಅಂತ ಬುದ್ಧಿ ಹೇಳಿದ್ದಾರೆ. ತಮ್ಮ ಹೇಳಿದ ಅನ್ನೋ ಒಂದೇ ಕಾರಣಕ್ಕೆ ಅಪ್ಪ 1980ರವರೆಗೂ ಪಿನ್ ಕೋಡ್ ಬರೆಯಲಿಲ್ಲ. ಕಾಗದಗಳು ತಲುಪುವುದು ತಲುಪಿಯೇ ತಲುಪಿವೆ.

ರೇಡಿಯೋ ಪ್ರಕರಣವನ್ನು ಹೇಳಲೇಬೇಕು. 1968ರಲ್ಲಿ ಚಿಕ್ಕಪ್ಪ ಅಜ್ಜಿಗೆ ಒಂದು ರೇಡಿಯೋ ತಂದುಕೊಟ್ಟರು. ಊರಿಗೆಲ್ಲ ಸುದ್ದಿಯಾಯಿತು. ಆಗ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸು ಬೇಕಿತ್ತು, ವರ್ಷ ವರ್ಷ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕ ನವೀಕರಿಸಬೇಕಿತ್ತು. ಕಟ್ಟಿದ್ದು ದೊಡ್ಡಪ್ಪ. "ರೇಡಿಯೋ ಕೊಟ್ಟವನ ಹೆಸರನ್ನು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಲೈಸೆನ್ಸು ಕಟ್ಟುವವನ ಹೆಸರು ಪುಸ್ತಕದಲ್ಲಿ ಮಾತ್ರ ಇದೆ" ಅಂತ ಅಪ್ಪನಿಗೆ ಬರೆದಿದ್ದಾರೆ. ಇದು ಅಜ್ಜಿ ಹೇಳಿ ಬರೆಸಿದ್ದಲ್ಲ, ದೊಡ್ಡಪ್ಪನೇ ತಮ್ಮನ ಹತ್ತಿರ ಮನಸ್ಸು ಬಿಚ್ಚಿದ್ದು. ಮೂವರಿದ್ದರೆ ಹೀಗೇ, ಯಾವಾಗಲೂ ಇಬ್ಬರು ಒಂದು ಕಡೆ, ಆದರೆ ಯಾವ ಇಬ್ಬರು ಅನ್ನೋದು ತಿಂಗಳಿಗೊಮ್ಮೆ ಬದಲು. ಅಪ್ಪ ಅಣ್ಣನನ್ನು ಸಮಾಧಾನ ಮಾಡಬೇಕಿತ್ತು, ಅಲ್ವಾ? ಮಾಡಲಿಲ್ಲ. ಅಜ್ಜಿಗೆ ಹೀಗೆ ಬರೆದರು: "ತಮ್ಮ ರೇಡಿಯೋ ಕೊಡಿಸಿದ್ದು ಸಂತೋಷ. ಆದರೆ ಅದರಲ್ಲಿ ನೀನು ದಿನಾ ಕೇಳುವುದು ಭದ್ರಾವತಿ ಸ್ಟೇಷನ್ನು ಎಂಬುದು ನೆನಪಿರಲಿ." ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಅದಕ್ಕೂ ನಮ್ಮಪ್ಪನಿಗೂ ಇದ್ದ ಸಂಬಂಧ, ಒಂದೇ ಊರಿನ ನೀರು ಕುಡಿಯುತ್ತಿದ್ದದ್ದು ಮಾತ್ರ.

ಮನಿ ಆರ್ಡರ್ ಕಥೆ ಬೇರೆ. ಅಪ್ಪ ತಿಂಗಳಿಗೆ ಹದಿನೈದು ರೂಪಾಯಿ ಕಳಿಸುತ್ತಿದ್ದರು, ಅಣ್ಣನ ಹೆಸರಿಗಲ್ಲ, ಅಜ್ಜಿಯ ಹೆಸರಿಗೇ. ದುಡ್ಡು ತಲುಪಿದ್ದಕ್ಕೆ ಪಡೆದವರ ಸಹಿ ಇರುವ ಚೀಟಿ ಕಳಿಸಿದವರಿಗೆ ವಾಪಸ್ಸು ಬರುತ್ತಿತ್ತು. ಅಜ್ಜಿಯದು ಹೆಬ್ಬೆಟ್ಟು. ಹೆಬ್ಬೆಟ್ಟಿಗೆ ಸಾಕ್ಷಿ ಬೇಕು. ಸಾಕ್ಷಿ ಯಾರು? ದೊಡ್ಡಪ್ಪ. ಅಪ್ಪನ ಡಬ್ಬಿಯಲ್ಲಿ ಅಂಥ ಚೀಟಿಗಳ ಒಂದು ಕಟ್ಟೇ ಇದೆ. ಅಜ್ಜಿಯ ಮಸಿಯ ಹೆಬ್ಬೆಟ್ಟು, ಅದರ ಕೆಳಗೆ ದೊಡ್ಡಪ್ಪನ ಸಹಿ, ತಿಂಗಳು ತಿಂಗಳೂ. ಆ ಸಹಿ ಎಷ್ಟು ಒತ್ತಿ ಹಾಕಿದ್ದೆಂದರೆ ಹಿಂದೆ ಬೆರಳಾಡಿಸಿದರೆ ತಿಳಿಯುತ್ತದೆ. ಫಾರಮ್ಮಿನ ಕೆಳಗೆ ನಾಲ್ಕು ಸಾಲು ಬರೆಯಲು ಒಂದಿಷ್ಟು ಜಾಗ ಇರುತ್ತಿತ್ತು. ಅದರಲ್ಲಿ ಅಪ್ಪ ಒಮ್ಮೆ, "ಇದು ನಿನ್ನ ಕಾಫಿಪುಡಿಗೆ, ಮನೆಖರ್ಚಿಗಲ್ಲ" ಅಂತ ಬರೆದಿದ್ದಾರೆ. ಅದನ್ನೂ ದೊಡ್ಡಪ್ಪನೇ ಓದಿ ಹೇಳಿರಬೇಕು, ಅದೇ ಕಾಫಿ ಕುಡಿಯುತ್ತಾ.

ನಗುತ್ತಾ ನಗುತ್ತಾ 1976ಕ್ಕೆ ಬಂದರೆ ನಗು ನಿಲ್ಲುತ್ತದೆ. ಅದು ಹಿಸ್ಸೆಯಾದ ವರ್ಷ. ಆ ವರ್ಷದ ಕಾಗದಗಳೆಲ್ಲ ರಿಜಿಸ್ಟರು, ಅಕ್ನಾಲೆಜ್‌ಮೆಂಟ್ ಕಾರ್ಡು ಸಮೇತ. ಒಡಹುಟ್ಟಿದವನು ಕಾಗದಕ್ಕೆ ಅಕ್ನಾಲೆಜ್‌ಮೆಂಟ್ ಹಚ್ಚಿ ಕಳಿಸಿದ ಅಂದರೆ ಅಲ್ಲಿಗೆ ಮನೆ ಎರಡಾಯಿತು ಅಂತಲೇ. ನಮಸ್ಕಾರ ಮಾತ್ರ ಸಾಷ್ಟಾಂಗಕ್ಕೆ ಏರಿದ್ದು ಇಳಿದೇ ಇಲ್ಲ. ಯಾವ ಸಾಲು ತೋಟ ಯಾರಿಗೆ, ಬಾವಿ ಯಾರಿಗೆ, ದಾರಿ ಯಾರಿಗೆ ಅನ್ನೋದನ್ನೆಲ್ಲ ಇಲ್ಲಿ ಬರೆಯೋದಿಲ್ಲ, ಅವರ ಮಕ್ಕಳು ನಾವೆಲ್ಲ ಈಗ ಮಾತಾಡಿಕೊಂಡಿದ್ದೇವೆ.

ಬರೆಯಬೇಕಾದ್ದು ಅತ್ತೆಯ ಒಂದು ಇನ್‌ಲ್ಯಾಂಡ್ ವಿಷಯ. ಆಸ್ತಿ ಮೂರು ಪಾಲಾಯಿತು. ಅತ್ತೆಯನ್ನು ಯಾರೂ ಕೇಳಲಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಹಕ್ಕು ಅನ್ನೋ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದೇ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. 1976ರಲ್ಲಿ ನಮ್ಮ ಮನೆಯಲ್ಲಿ ಅದು ಯಾರ ತಲೆಗೂ ಹೊಳೆಯದ ಮಾತು. ಅತ್ತೆಯೂ ಪಾಲು ಕೇಳಿಲ್ಲ. ಅವರು ಬರೆದದ್ದು ಇಷ್ಟು: "ಏಳನೇ ಕ್ಲಾಸಿಗೆ ನನ್ನನ್ನು ಬಿಡಿಸಿದಿರಿ. ಇಬ್ಬರು ತಮ್ಮಂದಿರನ್ನು ತೀರ್ಥಹಳ್ಳಿಗೆ ಓದಲು ಕಳಿಸಿದಿರಿ. ನನಗೂ ಓದಲು ಬರುತ್ತದೆ ಎಂದು ನಿಮಗೆ ನೆನಪಾಗುತ್ತಿದ್ದದ್ದು ಕಾಗದ ಬಂದ ದಿನ ಮಾತ್ರ. ಅಣ್ಣತಮ್ಮಂದಿರ ಜಗಳವನ್ನೆಲ್ಲ ನಾನೇ ಓದಿ ಹೇಳಿದೆ. ನನ್ನದನ್ನು ಯಾರು ಓದಿ ಹೇಳುತ್ತಾರೋ ನೋಡುತ್ತೇನೆ."

ಅದು ತಂತಿಯಲ್ಲಿತ್ತು. ಅಂದರೆ ಬಂದಿದೆ. ದೊಡ್ಡಪ್ಪ ಒಡೆದಿದ್ದಾರೆ. ಅಜ್ಜಿಗೆ ಓದಿದರೋ? ಡಬ್ಬಿಯಲ್ಲಿ ಇದರ ಸುದ್ದಿ ಇಲ್ಲ.

ಮನಸ್ಸು ತಡೆಯದೆ ದೊಡ್ಡಮ್ಮನನ್ನು ಕೇಳೋಕೆ ಊರಿಗೆ ಹೋದೆ. ದೊಡ್ಡಮ್ಮನಿಗೆ ಈಗ 86. ಕಿವಿ ಸ್ವಲ್ಪ ಮಂದ, ಮಾತು ಸ್ವಲ್ಪವೂ ಮಂದ ಇಲ್ಲ. "ದೊಡ್ಡಪ್ಪ ಎಲ್ಲ ಓದಿ ಹೇಳ್ತಿದ್ದರಾ, ಇಲ್ಲ ನಡುವೆ ಹಾರಿಸ್ತಿದ್ದರಾ?" ಅಂತ ಕೂಗಿ ಕೇಳಿದೆ. ದೊಡ್ಡಮ್ಮನ ಬಾಯಲ್ಲಿ ಅತ್ತೆ ಅಂದರೆ ನಮ್ಮ ಅಜ್ಜಿ.

"ಹಾರಿಸೋಕೆ ನೋಡ್ತಿದ್ರು. ಅತ್ತೆ ಬಿಡಬೇಕಲ್ಲ! ಕಾಗದ ಬರ್ಕೊಳ್ಳೋಕೆ ಬರದಿದ್ರೂ ಮಡಿಕೆ ಎಣಿಸೋಕೆ ಬರ್ತಿತ್ತು. ಮೂರು ಮಡಿಕೆ ಕಾಗದದಾಗೆ ಎರಡೇ ಓದಿದೆ, ಇನ್ನೊಂದು ಓದು ಅಂತಿದ್ರು. ಅದೂ ಆದ್ಮೇಲೆ, ಮಗ್ಗುಲಾಗೂ ಏನೋ ಗೀಚಿದಾನಲ್ಲ, ಅದನ್ನೂ ಓದು."

"ಓದ್ತಿದ್ದರಾ?"

"ಓದದೆ ಏನ್ಮಾಡ್ತಾರೆ? ಹಲ್ಲು ಕಚ್ಚಿಕೊಂಡು ಓದೋರು. ಅತ್ತೆ ಕವಳ ಹಾಕಿಕೊಂಡು ಕೇಳಿ, ಅವನು ಹೇಳಿದ್ದೂ ಸರಿಯಾಗೇ ಉಂಟಲ್ಲ ಅಂತಿದ್ರು. ಇವರಿಗೆ ಆ ದಿನ ಊಟ ಸೇರ್ತಿರ್ಲಿಲ್ಲ. ಭದ್ರಾವತಿಗೆ ಬರೆಸೋವಾಗ ನಿಮ್ಮಣ್ಣ ಹೇಳಿದ್ದೇ ಸರಿ ಅಂತ ಬರೆಸೋರು. ನಿಮ್ಮಪ್ಪಂಗೆ ಅಲ್ಲಿ ಊಟ ಸೇರ್ತಿರ್ಲಿಲ್ಲವೇನೋ."

ಅಜ್ಜಿ ಯಾಕೆ ಹಾಗೆ ಮಾಡ್ತಿದ್ದಳು ಅಂದೆ.

"ನಿಂಗೆ ತಿಳಿಲಿಲ್ವಾ ಮಾರಾಯ? ಜಗಳ ಇದ್ರೆ ಎಂಟು ದಿನಕ್ಕೊಂದು ಕಾಗದ. ರಾಜಿ ಆಯ್ತೋ, ಎರಡು ತಿಂಗಳಾದ್ರೂ ಪತ್ತೆ ಇಲ್ಲ."

ಮನೆಗೆ ಬಂದು ಎಣಿಸಿದೆ. ಹಿಸ್ಸೆಯ 1976ರಲ್ಲಿ ಅಪ್ಪನಿಂದ ಬಂದ ಕಾಗದ ಹದಿನಾಲ್ಕು. ಎಲ್ಲ ತಣ್ಣಗಾದ 1979ರಲ್ಲಿ ಮೂರು, ಅದರಲ್ಲಿ ಎರಡು ಕಾರ್ಡು.

ಅತ್ತೆಯ ಆ ಇನ್‌ಲ್ಯಾಂಡ್ ಬಗ್ಗೆಯೂ ಕೇಳಿದ್ದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದನ್ನ ಇವರು ಓದಲಿಲ್ಲ. ಎರಡು ಸಾಲು ಓದಿ ಕಣ್ಣಲ್ಲೇನೋ ಬಿತ್ತು ಅಂತ ಎದ್ದುಹೋದ್ರು. ಅತ್ತೆನೂ ಆ ದಿನ ಮಡಿಕೆ ಎಣಿಸಲಿಲ್ಲ. ಕಾಗದ ಕೈಗೆ ತಗಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ತಾನೇ ತಂತಿಗೆ ಚುಚ್ಚಿದ್ರು." ಆಮೇಲೆ ಹೇಳಿದರು, ಆ ವರ್ಷ ಹಾಸನಕ್ಕೂ ಎರಡು ಭರಣಿ ಮಿಡಿ ಹೋಯಿತಂತೆ. ದೊಡ್ಡಪ್ಪ ತಾವೇ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಿ ಕೊಟ್ಟು ಬಂದರಂತೆ. ನಮ್ಮಪ್ಪನಿಗೆ ಈ ಸುದ್ದಿ ಗೊತ್ತಾಗಿರಲಿಲ್ಲ ಅಂತ ಕಾಣುತ್ತದೆ. ಗೊತ್ತಾಗಿದ್ದರೆ ಅದಕ್ಕೊಂದು ಇನ್‌ಲ್ಯಾಂಡ್ ಇರುತ್ತಿತ್ತು.

ಇದನ್ನೆಲ್ಲ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಹೇಳಬಾರದಿತ್ತು. "ನಾನೂ ಒಂದ್ಸಲ ಓದ್ತೀನಿ, ಹದಿನೈದು ದಿನಕ್ಕೆ ಕೊಡು" ಅಂತ ಬಂದು ತಂತಿ, ಡಬ್ಬಿ ಎರಡನ್ನೂ ಒಯ್ದಳು. ಹೋಗುವಾಗ, ಚಿಕ್ಕವಳಿದ್ದಾಗ ಅಜ್ಜಿಗೆ ಕಾಗದ ಓದಿ ಹೇಳ್ತಿದ್ದದ್ದು ತಾನೇ, ಹಾಗಾಗಿ ಇವು ನ್ಯಾಯವಾಗಿ ತನಗೇ ಬರಬೇಕು ಅಂತ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದಳು. ಬೇಸಿಗೆ ರಜೆಯಲ್ಲಿ ಎರಡು ಕಾರ್ಡು ಓದಿರಬಹುದು, ಅಷ್ಟೇ.

ಹದಿನೈದು ದಿನ ಹೋಗಿ ಏಳು ತಿಂಗಳಾಯಿತು. ವಾಟ್ಸಾಪಿನಲ್ಲಿ ಕೇಳಿದರೆ ಹೆಬ್ಬೆಟ್ಟು ಒತ್ತುತ್ತಾಳೆ. ಅದಕ್ಕೆ ಸಾಕ್ಷಿಯ ಸಹಿಯೂ ಇಲ್ಲ. ಸರಿ, ನಮ್ಮ ಮನೆಯ ಪದ್ಧತಿಯಂತೆ ಅಕ್ನಾಲೆಜ್‌ಮೆಂಟ್ ಹಚ್ಚಿ ಒಂದು ರಿಜಿಸ್ಟರ್ ಕಾಗದವನ್ನೇ ಹಾಕೋಣ ಅಂತ ಪೋಸ್ಟಾಫೀಸಿಗೆ ಹೋದೆ. 2025ರಲ್ಲೇ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿಬಿಟ್ಟಿದ್ದೇವೆ ಅಂದರು ಕೌಂಟರಿನಲ್ಲಿದ್ದವರು. ನನಗೇನೋ ಸರಿಬರಲಿಲ್ಲ. ಇಂಥ ಕಾಗದ ಅಷ್ಟು ಬೇಗ ತಲುಪಬಾರದು. ಒಂದು ಇನ್‌ಲ್ಯಾಂಡ್ ಕೊಂಡು ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ತೀರ್ಥರೂಪ ಸಮಾನರಾದ ಅಕ್ಕನವರ ಪಾದಗಳಿಗೆ ಅನಂತ ಸಾಷ್ಟಾಂಗ ನಮಸ್ಕಾರಗಳು, ಅಂತ ಶುರುಮಾಡಿ ಆಗಿದೆ.